ಓದುಗರ ಪ್ರಶ್ನೆ: ಮುಕ್ತ ತಂತ್ರಾಂಶಕ್ಕೆ ಪ್ಯಾಚ್ ಕಳಿಸುವಾಗ

ಪ್ರಶ್ನೆ: ವಿಳಾಸದ ಲೇಬಲ್ ಮುದ್ರಿಸುವ ಒಂದು ಮುಕ್ತ ತಂತ್ರಾಂಶದಲ್ಲಿ ಊರಿನ ಹೆಸರಿಗೆ 10 ಅಕ್ಷರದ ಮಿತಿ ಇದೆ. ‘ಮಂಡ್ಯ’ ಎಂದು ಕೊಟ್ಟರೆ ‘ಮಂಡ’ ಎಂದು ಬಂದು, ಪಕ್ಕದಲ್ಲಿ ಪ್ರಶ್ನೆ ಗುರುತಿನ ಚೌಕ ಕಾಣುತ್ತದೆ. ಬೈಟ್ ಎಣಿಸುತ್ತಿದ್ದ ಕಡೆ ಯೂನಿಕೋಡ್ ಸಂಕೇತಗಳನ್ನು ಎಣಿಸುವ ಹಾಗೆ ತಿದ್ದಿ, ಜೊತೆಗೆ ಆ ಫೈಲನ್ನೂ ಒಪ್ಪ ಮಾಡಿ ಕಳಿಸಿದೆ. ಪ್ಯಾಚ್ (ಕೋಡಿನಲ್ಲಿ ಮಾಡಿದ ಬದಲಾವಣೆಗಳ ಕಟ್ಟು) 430 ಸಾಲಾಯಿತು. ‘ಒಡೆದು ಕಳಿಸಿ’ ಎಂದಷ್ಟೇ ಉತ್ತರ ಬಂತು. ಎಲ್ಲಿ ತಪ್ಪಿದೆ?
– ಬಿಸಿಎ ವಿದ್ಯಾರ್ಥಿ, ಮಂಡ್ಯ

ಉತ್ತರ: ನೀವು ಹಿಡಿದ ದೋಷ ನಿಜವಾದದ್ದು, ಅದನ್ನು ಕೈಬಿಡಬೇಡಿ. ಆದರೆ 430 ಸಾಲಿನಲ್ಲಿ ದೋಷ ಸರಿಪಡಿಸುವ ಸಾಲು ಯಾವುದು ಎಂದು ಹುಡುಕುವ ಕೆಲಸವನ್ನು ನೀವು ಇನ್ನೊಬ್ಬರ ತಲೆಗೆ ಕಟ್ಟಿದ್ದೀರಿ. ಸ್ವಯಂಸೇವಕರ ಪ್ರಾಜೆಕ್ಟಿನಲ್ಲಿ ಪ್ಯಾಚ್ ಓದುವವರು ಕೆಲಸ ಮುಗಿಸಿ, ಊಟ ಮುಗಿಸಿ ಸಿಕ್ಕ ಅರ್ಧ ಗಂಟೆಯಲ್ಲಿ ಓದುತ್ತಾರೆ. ಆ ಅರ್ಧ ಗಂಟೆಯಲ್ಲಿ ಮುಗಿಯುವ ಪ್ಯಾಚಿಗೆ ಉತ್ತರ ಬೇಗ ಬರುತ್ತದೆ.

ಇಷ್ಟೊಂದು ಸಾಲು ಬರಲು ಸಾಮಾನ್ಯವಾಗಿ ಎರಡು ಕಾರಣ. ಸೇವ್ ಮಾಡಿದಾಗಲೆಲ್ಲ ಕೋಡನ್ನು ತಾನೇ ಜೋಡಿಸುವ ಸೌಲಭ್ಯ ಎಡಿಟರಿನಲ್ಲಿ ಚಾಲೂ ಇದ್ದರೆ, ಟ್ಯಾಬ್ ಇದ್ದಲ್ಲಿ ಸ್ಪೇಸ್ ಬಂದು ನೀವು ಮುಟ್ಟದ ಸಾಲೂ ಬದಲಾಗುತ್ತದೆ. ವಿಂಡೋಸಿನಲ್ಲಿ ಕೆಲಸ ಮಾಡಿದರೆ ಸಾಲಿನ ಕೊನೆಯ ಗುರುತು ಬದಲಾಗಿ ಇಡೀ ಫೈಲೇ ಹೊಸದೆಂದು ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ತೋರಿಸಬಹುದು. ಆ ಪ್ರಾಜೆಕ್ಟಿನ ಮಟ್ಟಿಗೆ ಎಡಿಟರಿನ ಸೌಲಭ್ಯ ನಿಲ್ಲಿಸಿ. ಆಮೇಲೆ ‘ಗಿಟ್ ಆ್ಯಡ್’ ಕಮಾಂಡಿಗೆ ‘ಪಿ’ ಆಯ್ಕೆ ಸೇರಿಸಿ ಓಡಿಸಿ. ಬದಲಾವಣೆಗಳನ್ನು ಅದು ತುಂಡು ತುಂಡಾಗಿ ಮುಂದಿಡುತ್ತದೆ. ಬೇಕಾದದ್ದಕ್ಕೆ ‘ವೈ’, ಬೇಡದ್ದಕ್ಕೆ ‘ಎನ್’, ತುಂಡು ದೊಡ್ಡದಾಗಿದ್ದರೆ ‘ಎಸ್’ ಒತ್ತಿ. ಕಮಿಟ್ ಮಾಡುವ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ಒಂದು ಹೆಜ್ಜೆಯಾಗಿ ದಾಖಲಿಸುವ ಮೊದಲು ‘ಗಿಟ್ ಡಿಫ್’ಗೆ ‘ಕ್ಯಾಶ್ಡ್’ ಮತ್ತು ‘ಚೆಕ್’ ಆಯ್ಕೆ ಕೊಟ್ಟರೆ ಸಾಲಿನ ಕೊನೆಯಲ್ಲಿ ಉಳಿದ ಖಾಲಿ ಜಾಗವನ್ನೂ ತೋರಿಸುತ್ತದೆ. ಒಪ್ಪ ಮಾಡಿದ ಭಾಗ ಪ್ರಾಜೆಕ್ಟಿನವರಿಗೆ ಬೇಕೇ ಎಂದು ಮೊದಲು ಕೇಳಿ. ಬೇಕೆಂದರೆ ಬೇರೆ ಪ್ಯಾಚಾಗಿ ಕಳಿಸಿ.

ಈಗ ದೋಷದ ವಿಷಯಕ್ಕೆ ಬರೋಣ, ಏಕೆಂದರೆ ನಿಮ್ಮ ತಿದ್ದುಪಡಿ ಅರ್ಧ ದಾರಿಯಲ್ಲಿ ನಿಂತಿದೆ. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಮಂಡ್ಯ’ದಲ್ಲಿ ಮ, ಅನುಸ್ವಾರ, ಡ, ವಿರಾಮ ಚಿಹ್ನೆ (ವ್ಯಂಜನದ ಸ್ವರ ತೆಗೆಯುವ ‘್’ ಗುರುತು), ಯ ಎಂದು 5 ಸಂಕೇತ, ಒಟ್ಟು 15 ಬೈಟ್. 10ನೇ ಬೈಟಿಗೆ ಕತ್ತರಿಸಿದರೆ ವಿರಾಮ ಚಿಹ್ನೆಯ ಮೊದಲ ಬೈಟು ಮಾತ್ರ ಉಳಿಯುತ್ತದೆ. ಚೌಕ ಬಂದದ್ದು ಅದಕ್ಕೇ. ಸಂಕೇತ ಎಣಿಸಿದರೆ ಮಂಡ್ಯ ಉಳಿಯುತ್ತದೆ, ಸರಿ. ಆದರೆ ‘ಶ್ರೀರಂಗಪಟ್ಟಣ’ ಕೊಟ್ಟು ನೋಡಿ. ಅದರಲ್ಲಿ 12 ಸಂಕೇತ. 10ಕ್ಕೆ ಕತ್ತರಿಸಿದರೆ ‘ಶ್ರೀರಂಗಪಟ್’ ಎಂದು ಒತ್ತಕ್ಷರದ ಕತ್ತೇ ಹೋಗುತ್ತದೆ.

ಲೈಬ್ರರಿಯ ಗ್ರಾಫೀಮ್ ಗುಚ್ಛದ (ಒಂದೇ ಅಕ್ಷರವೆಂದು ಎಣಿಸುವ ಸಂಕೇತಗಳ ಗುಂಪಿನ) ಲೆಕ್ಕವನ್ನು ಕಣ್ಣು ಮುಚ್ಚಿ ನಂಬುವ ಹಾಗೂ ಇಲ್ಲ. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಒತ್ತಕ್ಷರಗಳನ್ನು ಒಡೆಯದೆ ಇಡುವ ನಿಯಮ 2023ರ ಯೂನಿಕೋಡ್ 15.1ರಲ್ಲಿ ಬಂತು, ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ನಾವು 6 ಅಕ್ಷರ ಎನ್ನುವ ಶ್ರೀರಂಗಪಟ್ಟಣ ಆ ಲೆಕ್ಕದಲ್ಲಿ 8 ಗುಚ್ಛವಾಗುತ್ತದೆ: ಶ್ರೀ ಎರಡು ಹೋಳು, ಟ್ಟ ಎರಡು ಹೋಳು. ಗುಚ್ಛದ ಎಲ್ಲೆಯಲ್ಲೇ ಕತ್ತರಿಸಿ. ಕತ್ತರಿಸಿದ ಜಾಗದ ಹಿಂದೆ ವಿರಾಮ ಚಿಹ್ನೆ, ಮುಂದೆ ವ್ಯಂಜನ ಇದ್ದರೆ ಒಂದು ಗುಚ್ಛ ಹಿಂದೆ ಸರಿಯಿರಿ. ಒತ್ತಿನ ಮೇಲೆ ಒತ್ತು ಬರುವ ಪದಗಳಿವೆ, ಹಾಗಾಗಿ ಈ ಪರೀಕ್ಷೆ ಒಮ್ಮೆ ಮಾಡಿದರೆ ಸಾಲದು, ಲೂಪಿನಲ್ಲಿರಲಿ. ‘ಬಸ್’ ಎಂಬ ಪದ ವಿರಾಮದಲ್ಲೇ ಮುಗಿಯುತ್ತದೆ, ಅದನ್ನು ಮುಟ್ಟಬಾರದು. ಮಂಡ್ಯ, ಶ್ರೀರಂಗಪಟ್ಟಣ, ಬಸ್ – ಮೂರನ್ನೂ ಟೆಸ್ಟಿಗೆ ಹಾಕಿ.

ಆ ಟೆಸ್ಟುಗಳು ತಿದ್ದುಪಡಿಯ ಕಮಿಟ್‌ನಲ್ಲೇ ಇರಲಿ. ಮೊದಲೇ ಬೇರೆ ಕಮಿಟ್ ಮಾಡಿದರೆ ಆ ಒಂದು ಹೆಜ್ಜೆಯಲ್ಲಿ ಪ್ರಾಜೆಕ್ಟಿನ ಟೆಸ್ಟ್ ಕೆಡುತ್ತದೆ. ಮುಂದೆ ಯಾರೋ ‘ಗಿಟ್ ಬೈಸೆಕ್ಟ್’ ಹಿಡಿದು ಇನ್ನಾವುದೋ ದೋಷ ಹುಡುಕುವಾಗ ದಾರಿ ತಪ್ಪುತ್ತಾರೆ. ಅರ್ಧರ್ಧ ಮಾಡುತ್ತಾ 1000 ಕಮಿಟ್‌ಗಳನ್ನು ಸುಮಾರು 10 ಹೆಜ್ಜೆಯಲ್ಲಿ ಸೋಸುವ ಸಾಧನ ಅದು. ಪ್ರತಿ ಕಮಿಟ್ಟೂ ತನ್ನಷ್ಟಕ್ಕೆ ನಡೆಯುವಂತಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಕಮಿಟ್ ಸಂದೇಶದಲ್ಲಿ ‘ದೋಷ ಸರಿಪಡಿಸಿದೆ’ ಎಂದು ಬರೆದಿದ್ದೆ. ಕಾರಣ ಬರೆಯಿರಿ, ಸೈನ್-ಆಫ್ ಹಾಕಿ ಎಂದು ವಾಪಸ್ ಕಳಿಸಿದ್ದಾರೆ. ಸೈನ್-ಆಫ್ ಎಂದರೆ ಡಿಜಿಟಲ್ ಸಹಿಯೇ?
– ಸಾಫ್ಟ್‌ವೇರ್ ಉದ್ಯೋಗಿ, ಸರಸ್ವತಿಪುರಂ, ಮೈಸೂರು

ಉತ್ತರ: ಅಲ್ಲ. ‘ಈ ಕೋಡನ್ನು ಈ ಲೈಸೆನ್ಸಿನಡಿ ಕೊಡುವ ಹಕ್ಕು ನನಗಿದೆ’ ಎಂದು ಒಪ್ಪಿ ಬರೆಯುವ ಒಂದು ಸಾಲು ಅದು. ಲಿನಕ್ಸ್ ಕರ್ನಲ್ (ಲಿನಕ್ಸ್ ವ್ಯವಸ್ಥೆಯ ತಿರುಳು) ಪ್ರಾಜೆಕ್ಟು 2004ರಲ್ಲಿ ಈ ಪದ್ಧತಿ ತಂದಿತು. ಆಮೇಲೆ ಬಹಳಷ್ಟು ಪ್ರಾಜೆಕ್ಟುಗಳು ಅನುಸರಿಸಿದವು. ‘ಗಿಟ್ ಕಮಿಟ್’ಗೆ ಚಿಕ್ಕ ‘ಎಸ್’ ಆಯ್ಕೆ ಕೊಟ್ಟರೆ ಹೆಸರು, ಇಮೇಲ್ ಸಮೇತ ಸಾಲು ತಾನೇ ಸೇರುತ್ತದೆ. ದೊಡ್ಡ ‘ಎಸ್’ ಕೊಟ್ಟರೆ ಅದು ನೀವು ಹೇಳಿದ ಡಿಜಿಟಲ್ ಸಹಿ. ಇವೆರಡನ್ನು ಅದಲುಬದಲು ಮಾಡುವವರು ಬಹಳ. ಕಮಿಟ್ ಆಗಿಹೋಗಿದ್ದರೆ ‘ಅಮೆಂಡ್’ ಜೊತೆ ಅದೇ ಆಯ್ಕೆ ಕೊಡಿ; ಹಲವು ಕಮಿಟ್ ಇದ್ದರೆ, ಕಮಿಟ್‌ಗಳನ್ನು ಮತ್ತೆ ಹೊಸದಾಗಿ ಜೋಡಿಸುವ ‘ಗಿಟ್ ರೀಬೇಸ್’ಗೆ ‘ಸೈನ್ಆಫ್’ ಆಯ್ಕೆ ಇದೆ. ನೀವು ಉದ್ಯೋಗಿಯಾದ್ದರಿಂದ ಒಂದು ಮಾತು ಕಡ್ಡಾಯ: ನೀವು ಬರೆದ ಕೋಡ್ ಯಾರದು ಎಂದು ನಿಮ್ಮ ನೇಮಕಾತಿ ಒಪ್ಪಂದದಲ್ಲಿ ಓದಿ. ಕಂಪನಿಯದು ಎಂದಿದ್ದರೆ ಲಿಖಿತ ಅನುಮತಿ ಪಡೆದ ಮೇಲೇ ಆ ಸಾಲು ಹಾಕಿ.

ಸಂದೇಶದ ತಲೆಬರಹ ಸುಮಾರು 50 ಅಕ್ಷರದೊಳಗೆ ಇರಲಿ. ಒಂದು ಖಾಲಿ ಸಾಲು ಬಿಟ್ಟು ಕೆಳಗಿನ ವಿವರವನ್ನು 72 ಅಂಕಣಕ್ಕೆ ಮುರಿಯಿರಿ. ಖಾಲಿ ಸಾಲು ಬಿಡದಿದ್ದರೆ ಗಿಟ್ ಮೊದಲ ಪ್ಯಾರಾ ಪೂರ್ತಿ ತಲೆಬರಹವೆಂದೇ ತಿಳಿಯುತ್ತದೆ. ಏನು ಬದಲಾಯಿತು ಎಂಬುದು ಕೋಡಿನಲ್ಲೇ ಕಾಣುತ್ತದೆ. ಯಾಕೆ ಎಂಬುದನ್ನು ನೀವು ಹೇಳಬೇಕು. ಪ್ರಾಜೆಕ್ಟಿನ ಭಾಷೆ ಬಹುತೇಕ ಇಂಗ್ಲಿಷೇ ಆಗಿರುತ್ತದೆ. ಮೇಲಿನ ಲೇಬಲ್ ಪ್ಯಾಚಿಗೆ ಕನ್ನಡದಲ್ಲಿ ಮಾದರಿ ಹೀಗೆ:

ಲೇಬಲ್: ಕನ್ನಡ ಒತ್ತಕ್ಷರದ ನಡುವೆ ಕತ್ತರಿಸಬೇಡ

ಊರಿನ ಹೆಸರನ್ನು 10 ಬೈಟಿಗೆ ಕತ್ತರಿಸುತ್ತಿದ್ದುದರಿಂದ ಕನ್ನಡದ ಹೆಸರು ಸಂಕೇತದ ನಡುವೆ ತುಂಡಾಗಿ ಅಮಾನ್ಯ ಬೈಟ್ ಉಳಿಯುತ್ತಿತ್ತು. ಈಗ ಗುಚ್ಛದ ಎಲ್ಲೆಯಲ್ಲಿ ಕತ್ತರಿಸುತ್ತೇವೆ. ವಿರಾಮದ ಮುಂದೆ ವ್ಯಂಜನ ಇದ್ದರೆ ಹಿಂದೆ ಸರಿಯುತ್ತೇವೆ, ಏಕೆಂದರೆ ಯೂನಿಕೋಡ್ 15.1ರ ನಿಯಮ ಕನ್ನಡವನ್ನು ಒಳಗೊಂಡಿಲ್ಲ.

ಕೊನೆಯ ವಾಕ್ಯ ಇಲ್ಲದಿದ್ದರೆ ಎರಡು ವರ್ಷದ ಮೇಲೆ ಯಾರೋ ‘ಲೈಬ್ರರಿಯೇ ನೋಡಿಕೊಳ್ಳುತ್ತದಲ್ಲ’ ಎಂದು ಆ ಲೂಪನ್ನು ತೆಗೆದುಹಾಕುತ್ತಾರೆ.

ಪ್ರಶ್ನೆ: ರಿವ್ಯೂ ಮಾಡಿದವರು ಮೂರು ಬದಲಾವಣೆ ಹೇಳಿದ್ದಾರೆ. ಒಂದನ್ನು ನಾನು ಒಪ್ಪುವುದಿಲ್ಲ. ಹೊಸ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆಯಲೇ?
– ಉಪನ್ಯಾಸಕಿ, ಮದ್ದೂರು

ಉತ್ತರ: ತೆರೆಯಬೇಡಿ, ಅಲ್ಲಿಯವರೆಗಿನ ಚರ್ಚೆಯೆಲ್ಲ ಹಳೆಯದರಲ್ಲೇ ಉಳಿದುಬಿಡುತ್ತದೆ. ಅದೇ ಶಾಖೆಯಲ್ಲಿ (ಬ್ರಾಂಚಿನಲ್ಲಿ) ತಿದ್ದಿ. ಪ್ರತಿ ತಿದ್ದುಪಡಿಯನ್ನು ‘ಫಿಕ್ಸಪ್’ ಕಮಿಟ್ ಆಗಿ ಸೇರಿಸಿ, ‘ರೀಬೇಸ್’ನ ‘ಆಟೋಸ್ಕ್ವಾಶ್’ ಆಯ್ಕೆಯಿಂದ ಮೂಲ ಕಮಿಟ್‌ನೊಳಗೆ ಮಡಚಿ. ಮುಖ್ಯ ಶಾಖೆ ಮುಂದೆ ಹೋಗಿದ್ದರೆ ಅದರ ಮೇಲೆ ರೀಬೇಸ್ ಮಾಡಿ. ಮರ್ಜ್ ಕಮಿಟ್ (ಎರಡು ಶಾಖೆ ಬೆಸೆಯುವ ಕಮಿಟ್) ತುಂಬಿದರೆ ಬಹಳ ಕಡೆ ತೆಗೆದುಕೊಳ್ಳುವುದಿಲ್ಲ. ಪುಶ್ ಮಾಡುವಾಗ ಬರೀ ‘ಫೋರ್ಸ್’ ಬೇಡ, ‘ಫೋರ್ಸ್-ವಿತ್-ಲೀಸ್’ ಬಳಸಿ: ನಿಮಗೆ ತಿಳಿಯದೆ ಮೇಂಟೇನರ್ (ಪ್ರಾಜೆಕ್ಟನ್ನು ನೋಡಿಕೊಳ್ಳುವವರು) ಆ ಶಾಖೆಗೆ ಏನಾದರೂ ಸೇರಿಸಿದ್ದರೆ ಅದು ತಡೆದು ನಿಲ್ಲುತ್ತದೆ. ಆದರೆ ಪುಶ್‌ಗೆ ಮೊದಲು ‘ಫೆಚ್’ ಮಾಡಿ (ಅಲ್ಲಿನ ಹೊಸದನ್ನು ಇಳಿಸಿಕೊಂಡು), ಬಂದದ್ದೇನೆಂದು ನೋಡದೆ ಬಿಟ್ಟರೆ ಆ ಕಾವಲು ಇದ್ದೂ ಇಲ್ಲದಂತಾಗುತ್ತದೆ.

ಮೂರು ಟಿಪ್ಪಣಿಗೂ ಒಂದೊಂದು ಉತ್ತರ ಕೊಡಿ. ಒಪ್ಪದ ಕಡೆ ಅಭಿಪ್ರಾಯ ಬೇಡ, ಪುರಾವೆ ಇಡಿ: ಕೆಡುವ ಇನ್‌ಪುಟ್, ಟೆಸ್ಟಿನ ಫಲಿತಾಂಶ, ಅಳೆದ ಸಮಯ. ಆಮೇಲೂ ಬೇಡ ಎಂದರೆ ಅವರ ಮಾತಿನಂತೆ ಮಾಡಿ, ಏಕೆಂದರೆ ನೀವು ಹೋದ ಮೇಲೂ ಆ ಕೋಡನ್ನು ಸಾಕಬೇಕಾದವರು ಅವರು.

ಪ್ರಶ್ನೆ: ಎಐ ಬರೆದುಕೊಟ್ಟ ಕೋಡ್ ಕಳಿಸಬಹುದೇ?
– ಡಿಪ್ಲೊಮಾ ವಿದ್ಯಾರ್ಥಿ, ಮೈಸೂರು

ಉತ್ತರ: ಪ್ರಾಜೆಕ್ಟಿನ ನಿಯಮ ಓದಿ. ಲಿನಕ್ಸ್‌ನ ಒಂದು ಆವೃತ್ತಿಯಾದ ಜೆಂಟೂ 2024ರಲ್ಲೂ, ಒಂದು ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಅನುಕರಿಸುವ ತಂತ್ರಾಂಶ ಕ್ಯೂಇಎಂಯು 2025ರಲ್ಲೂ ಬೇಡ ಎಂದು ತೀರ್ಮಾನಿಸಿದವು. ಒಪ್ಪುವ ಕಡೆಯೂ, ಪ್ರತಿ ಸಾಲು ಯಾಕಿದೆ ಎಂದು ಕೇಳಿದರೆ ನಿಮ್ಮ ಮಾತಿನಲ್ಲಿ ಹೇಳಲು ಬರದ ಕೋಡನ್ನು ಕಳಿಸಬೇಡಿ.

ಪ್ರಶ್ನೆ: ಕಳಿಸಿ ನಾಲ್ಕು ದಿನವಾಯಿತು, ಉತ್ತರವಿಲ್ಲ. ಮತ್ತೆ ಕಳಿಸಲೇ?
– ಗೃಹಿಣಿ, ಕೆ.ಆರ್. ಪೇಟೆ

ಉತ್ತರ: ನಾಲ್ಕು ದಿನ ಏನೂ ಅಲ್ಲ. ಲಿನಕ್ಸ್ ಕರ್ನಲ್ಲಿನ ಮಾರ್ಗದರ್ಶಿಯೇ ನೆನಪಿಸುವ ಮುನ್ನ ಕನಿಷ್ಠ ಒಂದು ವಾರ ಕಾಯಿರಿ ಎನ್ನುತ್ತದೆ, ಹೊಸ ಬದಲಾವಣೆಗಳನ್ನು ಒಳಗೆ ಸೇರಿಸಿಕೊಳ್ಳುವ ಎರಡು ವಾರಗಳಲ್ಲಿ ಇನ್ನೂ ಹೆಚ್ಚು. ಸಣ್ಣ ಪ್ರಾಜೆಕ್ಟಾದರೆ ಎರಡು ವಾರ ಬಿಡಿ. ಆಮೇಲೆ ಅದೇ ಜಾಗದಲ್ಲಿ ಒಂದು ಸಾಲು ಸಾಕು: ‘ಈಗಿನ ಮುಖ್ಯ ಶಾಖೆಯ ಮೇಲೆ ರೀಬೇಸ್ ಮಾಡಿದ್ದೇನೆ, ಟೆಸ್ಟ್ ಪಾಸಾಗಿದೆ, ಬಿಡುವಾದಾಗ ನೋಡಿ.’ ಹಾಗೆ ಬರೆಯುವ ಮೊದಲು ನಿಜವಾಗಿ ರೀಬೇಸ್ ಮಾಡಿ, ಟೆಸ್ಟ್ ಓಡಿಸಿ. ಕಾಯುವ ಹೊತ್ತಿನಲ್ಲಿ ಅದೇ ಪ್ರಾಜೆಕ್ಟಿಗೆ ಬಂದ ಇನ್ನೊಬ್ಬರ ಪ್ಯಾಚನ್ನು ಇಳಿಸಿಕೊಂಡು, ನಿಮ್ಮ ಯಂತ್ರದಲ್ಲಿ ಓಡಿಸಿ, ಏನಾಯಿತೆಂದು ಬರೆಯಿರಿ. ಮೇಂಟೇನರಿಗೆ ಅಷ್ಟು ಕೆಲಸ ಕಡಿಮೆಯಾಗುತ್ತದೆ.