ಸಂಪಾದಕರ ಉತ್ತರ: ಹತ್ತನೇ ಅಧ್ಯಾಯದಲ್ಲಿ ನಿಂತ ಪ್ರೇಮಕಥೆ

(ವಿಜಯನಗರದ ಓದುಗರೊಬ್ಬರ ಪತ್ರದ ಸಾರ: "ನನಗೀಗ 41. ಇಬ್ಬರು ಮಕ್ಕಳು. ಜಯನಗರದಲ್ಲಿ ಆಡಿಟರ್ ಒಬ್ಬರ ಕಚೇರಿಯಲ್ಲಿ ಕೆಲಸ. ಮೆಟ್ರೋದಲ್ಲಿ ಹೋಗಿ ಬರುವಾಗ ಮೊಬೈಲಿನಲ್ಲೇ ಕಾದಂಬರಿ ಬರೆಯುತ್ತೇನೆ. ಮೂರು ಶುರು ಮಾಡಿದೆ, ಮೂರೂ ಹತ್ತನೇ ಅಧ್ಯಾಯದ ಹೊತ್ತಿಗೆ ನಿಂತುಹೋದವು. ಇಬ್ಬರೂ ಒಂದಾಗುತ್ತಾರೆ ಅಂತ ಓದುವವರಿಗೆ ಮೊದಲೇ ಗೊತ್ತಿರುವಾಗ ನಡುವೆ ಏನು ಬರೆಯುವುದು? ನನ್ನದು ಹಿರಿಯರು ನೋಡಿ ಮಾಡಿದ ಮದುವೆ. ಪ್ರೀತಿ ಮಾಡಿ ಗೊತ್ತಿಲ್ಲದವಳು ಪ್ರೇಮಕಥೆ ಬರೆಯಬಹುದೇ? ಮನೆಯಲ್ಲಿ 'ಇದೂ ಒಂದು ಸಾಹಿತ್ಯವಾ' ಅನ್ನುತ್ತಾರೆ. ನಿಮ್ಮಲ್ಲಿ ಧಾರಾವಾಹಿ ಬರೆಯುವವರು ಯಾವಾಗ, ಹೇಗೆ ಬರೆಯುತ್ತಾರೆ? ಈಚಿನ ಕಾದಂಬರಿಯ ಮೊದಲ ಮೂರು ಅಧ್ಯಾಯ ಕಳಿಸಿದ್ದೇನೆ, ನಾಲ್ಕನೆಯದನ್ನೂ ಕಳಿಸಲೇ?")

ಪ್ರಿಯ ಓದುಗರೇ,

ನಿಮ್ಮ ಮೂರು ಅಧ್ಯಾಯಗಳನ್ನು ಎರಡು ಸಲ ಓದಿದೆ. ಪತ್ರವನ್ನು ಇನ್ನೂ ಹೆಚ್ಚು ಸಲ. ಪುಟದ ಮೂಲೆಯ ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸಾಗಲಿಲ್ಲ. ಈ ವಾರದ ಜಾಗವೆಲ್ಲ ನಿಮ್ಮದೇ.

ಮನೆಯವರ ಮಾತಿನಿಂದ ಶುರು ಮಾಡುತ್ತೇನೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ, ಗುಲ್ವಾಡಿ ವೆಂಕಟರಾಯರು 1899ರಲ್ಲಿ ಹೊರತಂದ 'ಇಂದಿರಾಬಾಯಿ' ವಿಧವೆಯಾದ ಹುಡುಗಿಯೊಬ್ಬಳು ಓದಿ, ಮರುಮದುವೆಯಾಗುವ ಕಥೆ. ಹೆಣ್ಣುಮಗಳೊಬ್ಬಳು ಯಾರ ಜೊತೆ ಬಾಳಬೇಕು ಅನ್ನುವ ಪ್ರಶ್ನೆಯನ್ನು ನಮ್ಮ ಕಾದಂಬರಿ ಹುಟ್ಟುವಾಗಲೇ ಎತ್ತಿಕೊಂಡಿತ್ತು. ಆಮೇಲೆ ಬಂದ ತ್ರಿವೇಣಿಯವರು ಮನಶ್ಶಾಸ್ತ್ರ ಓದಿದವರು. ಮದುವೆ, ಬಸಿರು, ಬಾಣಂತನಗಳ ನಡುವೆ ಹೆಣ್ಣಿನ ಮನಸ್ಸು ಎಲ್ಲಿ ಬಿರುಕು ಬಿಡುತ್ತದೆ ಎಂದು ಕಣ್ಣಿಟ್ಟು ನೋಡಿ ಬರೆದರು. 1963ರಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ತುಂಬಿರಲಿಲ್ಲ. ನಿಮ್ಮ 41 ತಡವಾಯಿತೇನೋ ಎಂಬ ಅಳುಕು ಪತ್ರದಲ್ಲಿ ಕಾಣುತ್ತದೆ. ಎಂ.ಕೆ. ಇಂದಿರಾ ಅವರು ಕಾದಂಬರಿ ಬರೆಯಲು ಕೂತದ್ದು 45ರ ಆಸುಪಾಸಿನಲ್ಲಿ, ಶಾಲೆಗೆ ಹೋದದ್ದು ಕೆಲವೇ ವರ್ಷ. ಮನೆಯವರಿಗೆ ಇದನ್ನೆಲ್ಲ ಹೇಳಿ ವಾದಕ್ಕೆ ಇಳಿಯಬೇಡಿ. ಆ ಹೊತ್ತಿನಲ್ಲಿ ಒಂದು ಪುಟ ಬರೆಯಬಹುದು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಕೊನೆ ಗೊತ್ತಿರುವ ಕಥೆಯ ನಡುವಿನದು.

ನಾನು ಬೆಳೆದದ್ದು ಬಸವನಗುಡಿಯಲ್ಲಿ. ನಮ್ಮ ಬೀದಿಯ ತುದಿಯಲ್ಲೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಕಂದು ಕಾಗದದ ಹೊದಿಕೆ, ಬೆನ್ನಿಗೆ ದಪ್ಪ ದಾರದ ಹೊಲಿಗೆ, ದಿನಕ್ಕಿಷ್ಟು ಎಂದು ಬಾಡಿಗೆ. ಅಮ್ಮ ವಾರಕ್ಕೆ ಎರಡು ಕಾದಂಬರಿ ತರುತ್ತಿದ್ದಳು. ಓದಿದ ಪುಸ್ತಕವನ್ನೇ ಮತ್ತೆ ತಂದು ದುಡ್ಡು ದಂಡ ಮಾಡಬಾರದೆಂದು 17ನೇ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ನಕ್ಷತ್ರ ಬರೆದಿಡುತ್ತಿದ್ದಳು. ಬೇರೆ ಮನೆಗಳವರ ಗುರುತುಗಳೂ ಅಲ್ಲಲ್ಲಿ ಇರುತ್ತಿದ್ದವು, ಒಂದು ಅಡ್ಡಗೆರೆ, ಒಂದು ಎಲೆ, ಒಂದು 'ಶ್ರೀ'. ಒಂದು ಕಾದಂಬರಿಯಲ್ಲಿ ಮಾತ್ರ ಅಮ್ಮನ ನಕ್ಷತ್ರ ನಾಲ್ಕಿದ್ದವು. ಯಾರು ಯಾರನ್ನು ಮದುವೆಯಾಗುತ್ತಾರೆ ಅಂತ ಅವಳಿಗೆ ಮೊದಲ ಸಲವೇ ಗೊತ್ತಾಗಿತ್ತು. ಉಳಿದ ಮೂರು ಸಲ ಬಾಡಿಗೆ ಕೊಟ್ಟಿದ್ದು ಯಾತಕ್ಕೆ? ಕೇಳಿದ್ದೆ. "ಅವಳು ಬಾಗಿಲು ತೆಗೆಯೋ ಮುಂಚೆ ಎಷ್ಟು ಹೊತ್ತು ನಿಲ್ತಾಳೆ, ಅದನ್ನ ಓದೋದಕ್ಕೆ" ಅಂದಳು.

ನಿಮ್ಮ ಕಥೆಗಳು ಹತ್ತನೇ ಅಧ್ಯಾಯದಲ್ಲಿ ನಿಲ್ಲುವುದಕ್ಕೂ ಈ ಬಾಗಿಲಿಗೂ ಸಂಬಂಧವಿದೆ. ನಿಮ್ಮ ಮೊದಲ ಮೂರು ಅಧ್ಯಾಯ ಸೊಗಸಾಗಿವೆ. ಬ್ಯಾಂಕಿನ ಕೌಂಟರಿನಲ್ಲಿ ಅವರಿಬ್ಬರೂ ಭೇಟಿಯಾಗುವ ಸನ್ನಿವೇಶ, ಸಹಿ ಹೊಂದುತ್ತಿಲ್ಲ ಎಂದು ಅವಳು ಚೆಕ್ಕು ವಾಪಸು ಕೊಡುವ ರೀತಿ, ಇವೆಲ್ಲ ಕಣ್ಣಿಗೆ ಕಟ್ಟುತ್ತವೆ. ಆದರೆ ಅವರನ್ನು ದೂರ ಇಟ್ಟಿರುವುದು ಒಂದು ತಪ್ಪುತಿಳಿವಳಿಕೆ: ಅವನ ಜೊತೆ ಕಂಡ ಹುಡುಗಿ ಅವನ ತಂಗಿ ಅಂತ ಅವಳಿಗೆ ಗೊತ್ತಿಲ್ಲ, ಅಷ್ಟೇ. ಅಂಚೆಯಣ್ಣ ಕಾಗದ ತರುತ್ತಿದ್ದ ಕಾಲದಲ್ಲಿ ಇಷ್ಟರ ಮೇಲೆ ಇನ್ನೂರು ಪುಟ ನಡೆಸಬಹುದಿತ್ತು. ಈಗ ಇಬ್ಬರ ಕೈಯಲ್ಲೂ ಫೋನಿದೆ. 'ಅವರು ಯಾರು?' ಎಂದು ಒಂದು ವಾಟ್ಸಾಪ್ ಮೆಸೇಜು ಹಾಕಿದರೆ ಮುಗಿಯಿತು. ಒಂದು ಫೋನಿನಲ್ಲಿ ಬಗೆಹರಿಯುವ ಅಡ್ಡಿಯನ್ನು ಹತ್ತು ಅಧ್ಯಾಯ ಎಳೆಯುವ ಹೊತ್ತಿಗೆ ಬರೆಯುವ ಕೈಗೇ ನಾಚಿಕೆಯಾಗಿ ನಿಂತುಬಿಡುತ್ತದೆ. ನಿಮ್ಮ ಕೈ ನಿಂತದ್ದು ಹಾಗೆ. ಅದನ್ನು ಸೋಮಾರಿತನವೆಂದು ನೀವು ಬರೆದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ, ಅದು ನಿಮ್ಮ ಪ್ರಾಮಾಣಿಕತೆ.

ಮತ್ತೆ ಅಡ್ಡಿಯನ್ನು ತರುವುದೆಲ್ಲಿಂದ? ನಮ್ಮಲ್ಲೇ ನಡೆದದ್ದನ್ನು ಹೇಳುತ್ತೇನೆ. ಹೆಸರು ಬರೆಯಬಾರದೆಂದು ಅವರ ಅಪ್ಪಣೆ, ಹಾಗಾಗಿ ಲೇಖಕಿ ಎಂದಷ್ಟೇ ಅನ್ನುತ್ತೇನೆ. ಅವರ ಒಂದು ಧಾರಾವಾಹಿಯ ಹಸ್ತಪ್ರತಿಯಲ್ಲಿ ಹುಡುಗ ಕ್ರೈಸ್ತ, ಹುಡುಗಿ ಹಿಂದೂ. ಕೊನೆಯ ಕಂತಿನಲ್ಲಿ ಇಬ್ಬರೂ ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಧ್ಯಾಹ್ನಕ್ಕೆ ಹಾರ ಹಾಕಿಕೊಂಡು ಹೊರಗೆ ಬರುತ್ತಿದ್ದರು. ನಾನು ವಾಪಸು ಕಳಿಸಿದೆ. ಇಬ್ಬರೂ ಮತ ಬದಲಿಸದೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ ಅದಕ್ಕೆ ಮೊದಲು ನೋಟಿಸು ಕೊಟ್ಟು 30 ದಿನ ಕಾಯಬೇಕು ಎಂದು ಅಂಚಿನಲ್ಲಿ ಬರೆದಿದ್ದೆ. ಅಷ್ಟೇ ಬರೆದದ್ದು. ಒಂದು ಸಾಲು ತಿದ್ದಿ ಕಳಿಸುತ್ತಾರೆ ಅಂದುಕೊಂಡಿದ್ದೆ.

ಅವರು ತಾವೇ ಆ ಕಚೇರಿಗೆ ಹೋಗಿ ಅರ್ಧ ದಿನ ಬೆಂಚಿನ ಮೇಲೆ ಕೂತು ಬಂದರು. ನೋಟಿಸಿನ ಪ್ರತಿಯನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸುತ್ತಾರೆ, ಆಕ್ಷೇಪಣೆ ಇದ್ದವರು ಅಷ್ಟರೊಳಗೆ ಬಂದು ಸಲ್ಲಿಸಬಹುದು, ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ಇದೆಲ್ಲ ಗೊತ್ತಾಯಿತು. ಇನ್ನೊಂದು ವಿಷಯವೂ ಗೊತ್ತಾಯಿತು: ಇಬ್ಬರಲ್ಲಿ ಒಬ್ಬರ ಖಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸಿನ ಒಂದು ಪ್ರತಿ ಆ ಜಿಲ್ಲೆಯ ಕಚೇರಿಗೂ ಹೋಗಿ ಅಲ್ಲಿಯೂ ಗೋಡೆಗೇರುತ್ತದೆ. ಅವರ ಕಥೆಯ ಹುಡುಗಿ ಶಿವಮೊಗ್ಗ ಜಿಲ್ಲೆಯವಳು.

ಕೊನೆಯ ಕಂತು ಒಡೆದು ಐದಾಯಿತು. ಒಂದರಲ್ಲಿ ಹುಡುಗಿಯ ಚಿಕ್ಕಪ್ಪ ಅಡಿಕೆ ತೋಟದ ಪತ್ರದ ಕೆಲಸಕ್ಕೆಂದು ಊರಿನ ಕಚೇರಿಗೆ ಹೋಗುತ್ತಾನೆ, ಗೋಡೆಯ ಮೇಲಿನ ಹಾಳೆ ಓದುತ್ತಾನೆ, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದುತ್ತಾನೆ. ಮನೆಗೆ ಬಂದು ಯಾರಿಗೂ ಹೇಳುವುದಿಲ್ಲ. ಇತ್ತ ಬೆಂಗಳೂರಿನಲ್ಲಿ ಹುಡುಗಿ ಪ್ರತಿ ಫೋನಿಗೂ ಬೆಚ್ಚುತ್ತಾಳೆ. ಒಂದು ವಾರ, ಎರಡು ವಾರ, ಮೂರು ವಾರ. ತಡೆಯಲು ಯಾರೂ ಬರುವುದಿಲ್ಲ. ಆಗ ಅವಳಿಗೆ ಅರಿವಾಗುತ್ತದೆ, ಯಾರಾದರೂ ಬಂದು ತಡೆಯಲಿ ಎಂದು ಒಳಗೊಳಗೇ ಕಾದಿದ್ದವಳು ತಾನೇ ಎಂದು. ಇನ್ನು ನೆಪವಿಲ್ಲ. ಹೌದು ಅನ್ನುವುದೂ ಬೇಡ ಅನ್ನುವುದೂ ಅವಳೊಬ್ಬಳ ಪಾಲಿಗೆ ಬಂತು.

ನಮ್ಮದು ವಾರಪತ್ರಿಕೆ. ಆ 30 ದಿನಗಳನ್ನು ಕಥೆಯ ಇಬ್ಬರು ಕಾಯುತ್ತಿದ್ದಾಗ ಓದುಗರೂ ನಾಲ್ಕು ಸಂಚಿಕೆ ಅವರ ಜೊತೆಗೇ ಕಾದರು. ಚಿಕ್ಕಪ್ಪ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿ ಬಂದ ಕಾಗದಗಳನ್ನು ನಾನಿನ್ನೂ ಇಟ್ಟುಕೊಂಡಿದ್ದೇನೆ. ಮದುವೆಯಾಗುತ್ತದೋ ಇಲ್ಲವೋ ಎಂದು ಕೇಳಿದ ಕಾಗದ ಅದರಲ್ಲಿ ಒಂದೂ ಇಲ್ಲ. ಕಾಯ್ದೆಯ ಒಂದು ಕಲಮು ಇಷ್ಟೆಲ್ಲ ಕೊಟ್ಟಿತು. ನಿಮ್ಮ ಬ್ಯಾಂಕು, ನಿಮ್ಮ ಆಡಿಟರ್ ಕಚೇರಿ, ತಂಗಿಯ ಹೆಸರಿಗೆ ತೆಗೆದ ಸಾಲ, ಜಂಟಿ ಖಾತೆ, ನಾಮಿನಿಯ ಹೆಸರು ಬರೆಯುವ ಕಾಲಂ, ಇವುಗಳಲ್ಲೂ ಅಂಥದ್ದು ಇದ್ದೇ ಇದೆ. ನಿಮಗೆ ಅವು ನನಗಿಂತ ಚೆನ್ನಾಗಿ ಗೊತ್ತು. ನಾಮಿನಿ ಕಾಲಂ ಖಾಲಿ ಬಿಟ್ಟ ಗಂಡಸಿನ ಬಗ್ಗೆ ನೀವು ಬರೆದರೆ ನಾನು ರಾತ್ರಿ ಕೂತು ಓದುತ್ತೇನೆ.

ಇನ್ನೊಂದು ಮಾತನ್ನು ಸ್ವಲ್ಪ ಒತ್ತಿಯೇ ಹೇಳುತ್ತೇನೆ. ನಿಮ್ಮ ಎರಡನೇ ಅಧ್ಯಾಯದಲ್ಲೇ ಅವನು ಅವಳನ್ನು 'ನೀನು' ಅನ್ನುತ್ತಾನೆ. ಬ್ಯಾಂಕಿನ ಅಧಿಕಾರಿಯನ್ನು ಎರಡನೇ ಸಲ ನೋಡಿದ ಗಂಡಸು ಹಾಗೆ ಮಾತಾಡುವುದಿಲ್ಲ. ಮಾತಾಡಿದರೆ ಅವಳು ಬಾಗಿಲು ತೋರಿಸುತ್ತಾಳೆ. ಕನ್ನಡದಲ್ಲಿ ಬರೆಯುವವರಿಗೆ 'ನೀವು' ಎಂಬುದು 'ನೀನು' ಆಗುವ ಗಳಿಗೆ ಎಂಥ ವರ ಅಂತೀರಿ! 'ಬನ್ನಿ' ಎನ್ನುತ್ತಿದ್ದವಳು ಒಂದು ದಿನ ಮರೆತು 'ಬಾ' ಅಂದುಬಿಟ್ಟರೆ ಅಲ್ಲಿಗೆ ಒಂದು ಅಧ್ಯಾಯ ಮುಗಿಯಬಹುದು. ಅವಳು ಮಾತು ನುಂಗಿಕೊಂಡು ಮತ್ತೆ 'ಬನ್ನಿ' ಅಂದರೆ ಇನ್ನೊಂದು ಅಧ್ಯಾಯ ಶುರುವಾಗುತ್ತದೆ. ಸಿಟ್ಟು ಬಂದಾಗ ಬಹುವಚನಕ್ಕೆ ಹಿಂದಿರುಗುವ ಗಂಡಹೆಂಡಿರನ್ನು ನೀವೂ ನೋಡಿದ್ದೀರಿ. ಈ ಐಶ್ವರ್ಯವನ್ನು ಎರಡನೇ ಅಧ್ಯಾಯದಲ್ಲೇ ಖರ್ಚು ಮಾಡಿಬಿಟ್ಟರೆ ಮುಂದೆ ಕೈಯಲ್ಲಿ ಏನುಳಿಯಿತು? ದಯವಿಟ್ಟು ಹನ್ನೆರಡನೇ ಅಧ್ಯಾಯದವರೆಗೆ ಕಾಪಾಡಿಕೊಳ್ಳಿ.

ಯಾವಾಗ, ಹೇಗೆ ಬರೆಯುತ್ತಾರೆ ಎಂದು ಕೇಳಿದ್ದೀರಿ. ಅದೇ ಲೇಖಕಿಯ ದಿನಚರಿ ಹೇಳುತ್ತೇನೆ. ಅವರ ಬೀದಿಗೆ ಕಾವೇರಿ ನೀರು ಬರುತ್ತಿದ್ದುದು ದಿನ ಬಿಟ್ಟು ದಿನ, ಅದೂ ಬೆಳಗಿನ ಜಾವ. ನೀರಿನ ದಿನ ನಾಲ್ಕಕ್ಕೆ ಏಳುವರು. ಸಂಪು ತುಂಬಿ, ಮೋಟರ್ ಹಾಕಿ, ಮೇಲಿನ ಟ್ಯಾಂಕು ತುಂಬುವವರೆಗೆ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುವರು. ಹಾಲಿನವನು ಬಂದರೆ ಬರವಣಿಗೆ ಬಂದ್. ನೀರು ಬಾರದ ದಿನ ಅದೇ ಹೊತ್ತಿಗೆ ಎದ್ದು ಹಿಂದಿನ ದಿನದ್ದನ್ನು ತಿದ್ದುವರು, ಹೊಸದು ಒಂದು ಸಾಲೂ ಬರೆಯುತ್ತಿರಲಿಲ್ಲ. ಇಪ್ಪತ್ತು ವರ್ಷ ಹೀಗೇ ನಡೆಯಿತು. ಅವರ ಹತ್ತಿರ ಎರಡು ನೋಟುಬುಕ್ಕು. ಒಂದರಲ್ಲಿ ಕಥೆ. ಇನ್ನೊಂದರಲ್ಲಿ ಯಾವ ಪಾತ್ರ ಯಾರ ಹತ್ತಿರ ಏನನ್ನು ಮುಚ್ಚಿಟ್ಟಿದೆ, ಯಾವ ಕಂತಿನವರೆಗೆ ಮುಚ್ಚಿಡುತ್ತದೆ ಎಂಬ ಪಟ್ಟಿ. ಒಮ್ಮೆ ಆ ಎರಡನೆಯದನ್ನು ತೋರಿಸಿದ್ದರು. ಒಬ್ಬ ಅಜ್ಜಿಯ ಹೆಸರಿನ ಮುಂದೆ 'ಎಲ್ಲವೂ ಗೊತ್ತು, ಯಾರೂ ಕೇಳಿಲ್ಲ' ಎಂದಿತ್ತು. ಆ ಅಜ್ಜಿ ಇಡೀ ಧಾರಾವಾಹಿಯಲ್ಲಿ ಮಾತಾಡಿದ್ದು ಮೂರು ಸಲ.

ನಿಮ್ಮ ಹೊತ್ತು ಮೆಟ್ರೋದ್ದು. ಒಳ್ಳೆಯದೇ. ಹೋಗುವಾಗ ಬರೆಯಿರಿ, ಬರುವಾಗ ತಿದ್ದಿ. ಬಾಯಲ್ಲಿ ಹೇಳಿ ಫೋನಿನಲ್ಲಿ ಟೈಪ್ ಮಾಡಿಸುವ ಅಭ್ಯಾಸ ಈಗ ಬಹಳ ಜನಕ್ಕಿದೆ. ಸಂಭಾಷಣೆಗೆ ಅದು ಒದಗುತ್ತದೆ, ವರ್ಣನೆ ಮಾತ್ರ ಉದ್ದುದ್ದ ಬೆಳೆದುಬಿಡುತ್ತದೆ.

ದುಡ್ಡಿನ ವಿಚಾರ ನೀವು ಕೇಳಿಲ್ಲ, ಆದರೂ ಹೇಳಿಬಿಡುವುದು ಧರ್ಮ. ಕನ್ನಡದಲ್ಲಿ ಕಾದಂಬರಿ ಸಾಮಾನ್ಯವಾಗಿ 1000 ಪ್ರತಿ ಅಚ್ಚಾಗುತ್ತದೆ, ಲೇಖಕರ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ನೂರಕ್ಕೆ 10. ಪುಸ್ತಕಕ್ಕೆ 200 ರೂಪಾಯಿ ಇದ್ದು ಅಷ್ಟೂ ಮಾರಾಟವಾದರೆ 20,000 ರೂಪಾಯಿ. ಆಡಿಟರ್ ಕಚೇರಿಯ ಕೆಲಸ ಬಿಡಬೇಡಿ.

ಪ್ರೀತಿ ಮಾಡಿ ಗೊತ್ತಿಲ್ಲ ಎಂದಿರಿ. ಪತ್ರ ಮುಗಿಸಿ, ಸಹಿ ಹಾಕಿದ ಮೇಲೆ, ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು ಸೇರಿಸಿದ್ದೀರಿ. ಓದುಗರಿಗೂ ತಿಳಿಯಲೆಂದು ಇಲ್ಲಿ ಹೇಳುತ್ತಿದ್ದೇನೆ. ದಿನಾ ನಿಮ್ಮ ಜೊತೆ ವಿಜಯನಗರದಲ್ಲಿ ಒಬ್ಬ ಹುಡುಗ ಹತ್ತುತ್ತಾನೆ, ಮುಂದಿನ ಹೊಸಹಳ್ಳಿಯಲ್ಲಿ ಒಬ್ಬ ಹುಡುಗಿ. ಮುಂದಿನ ಹೆಂಗಸರ ಬೋಗಿಯಲ್ಲಿ ಜಾಗವಿದ್ದರೂ ಅವಳು ಅತ್ತ ಹೋಗುವುದಿಲ್ಲ, ಅವನು ನಿಂತ ಬಾಗಿಲಲ್ಲೇ ಹತ್ತಿ ಕಂಬ ಹಿಡಿದು ನಿಲ್ಲುತ್ತಾಳೆ. ಮಾತಿಲ್ಲ. ಮೆಜೆಸ್ಟಿಕ್‌ನಲ್ಲಿ ಅವಳು ನಿಮ್ಮ ಹಾಗೆ ಹಸಿರು ಮಾರ್ಗಕ್ಕೆ ಇಳಿಯುತ್ತಾಳೆ, ಅವನು ನೇರಳೆಯಲ್ಲೇ ಮುಂದಕ್ಕೆ ಹೋಗುತ್ತಾನೆ. ಕಳೆದ ತಿಂಗಳು ಒಂದು ದಿನ ಅವನೂ ಇಳಿದ. ಎಸ್ಕಲೇಟರ್ ತನಕ ಅವಳ ಹಿಂದೆಯೇ ನಡೆದು, ಅಲ್ಲಿ ನಿಂತು, ತಿರುಗಿ ಹೋದ. ಅವಳು ಹಿಂದಿರುಗಿ ನೋಡಲಿಲ್ಲ, ಆದರೆ ನಿಂತ ಮೆಟ್ಟಿಲ ಮೇಲೆ ಬ್ಯಾಗನ್ನು ಆ ಭುಜದಿಂದ ಈ ಭುಜಕ್ಕೆ ಬದಲಿಸಿದಳು.

ಬ್ಯಾಗಿನ ಆ ಸಾಲನ್ನು ಬರೆದ ಕೈ ಪ್ರೀತಿ ಗೊತ್ತಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನೀವು ಅವರ ಹಿಂದೆಯೇ ಇದ್ದಿರಿ, ನೋಡಿದಿರಿ, ಒಂದು ತಿಂಗಳು ಮರೆಯದೆ ಇಟ್ಟುಕೊಂಡಿರಿ. ಅವರ ಹೆಸರು, ಕಚೇರಿ ವಿಚಾರಿಸಲು ಹೋಗಬೇಡಿ, ಅದು ಅವರ ಬಾಳು. ನಿಮ್ಮ ಕಥೆಯ ಹುಡುಗ ಬೇರೆಯವನೇ ಆಗಲಿ, ಅವನಿಗೊಂದು ಮನೆ, ತಿಂಗಳ ಕೊನೆಯ ಲೆಕ್ಕ, ಹೇಳಲಾಗದ ಒಂದು ಕಾರಣ ಕೊಡಿ.

ನಾಲ್ಕನೇ ಅಧ್ಯಾಯ ಸದ್ಯಕ್ಕೆ ಬೇಡ. ಆ ಬೆಳಿಗ್ಗೆ ಅವನು ಮೆಜೆಸ್ಟಿಕ್‌ನಲ್ಲಿ ಯಾಕೆ ಇಳಿದ, ಇಳಿದವನು ಯಾಕೆ ಮಾತಾಡದೆ ತಿರುಗಿದ, ಇಷ್ಟನ್ನು ಆರೇಳು ಪುಟದಲ್ಲಿ ಬರೆದು ಕಳಿಸಿ. ಲಕೋಟೆಯ ಮೇಲೆ ನನ್ನ ಹೆಸರನ್ನೇ ಬರೆಯಿರಿ, ಬಂದ ದಿನವೇ ಓದುತ್ತೇನೆ.

— ಸಂ.