ಊರಿನ ಸಂಗೀತ ಸನ್ಮಾನದಲ್ಲಿ ನೆನಪಿಡುವಂಥ ಎರಡು ಮಾತು ಏನು ಹೇಳಲಿ? (ನಾನು ತಬಲ ನುಡಿಸುವವನು)

ಏನೂ ಹೇಳಬೇಡಿ. ನೆನಪಿಡುವಂಥದ್ದು ನಾನು ಒಮ್ಮೆ ಹೇಳಿದ್ದೇನೆ.

ನಮ್ಮ ಶಿರಸಿಯಲ್ಲೂ ವರ್ಷಕ್ಕೊಮ್ಮೆ ಊರಿನ ಕಲಾವಿದರನ್ನು ಕರೆದು ಶಾಲು ಹೊದಿಸುವ ಕಾರ್ಯಕ್ರಮ ಇತ್ತು. ನನ್ನ ಸರದಿ ಬಂದಿದ್ದು ಜಡಿಮಳೆಯಲ್ಲಿ. ಮಳೆಗಾಲದ ಥಂಡಿಗೆ ಇಲ್ಲಿ ತಬಲದ ಶ್ರುತಿ ಇಳಿದುಬಿಡುತ್ತದೆ, ನಿಮಗೆ ಹೇಳಬೇಕಾ? ಬಲ್ಬಿನ ಹತ್ತಿರ ಇಟ್ಟು, ಪಟ್ಟಿಗಳ ಅಡಿಯ ಮರದ ಗಟ್ಟೆ ಬಡಿದು, ಶ್ರುತಿಯನ್ನು ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಸ್ವರಕ್ಕೆ) ಏರಿಸಿಕೊಂಡು ಹೋಗಿದ್ದೆ. ಸನ್ಮಾನ ಮುಗಿದ ಮೇಲೆ 15 ನಿಮಿಷ ಗಾಯನಕ್ಕೆ ಸಾಥ್ ಕೊಡಬೇಕಿತ್ತು.

ನಿರೂಪಕರು ಬನವಾಸಿಯ ಕದಂಬರಿಂದ ಹಿಡಿದರು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ದು, 2012ರಲ್ಲಿ ಯಕ್ಷಗಾನದ ಚಿಟ್ಟಾಣಿಯವರಿಗೆ ಪದ್ಮಶ್ರೀ ಬಂದಿದ್ದು, ಹಿಂದೂಸ್ತಾನಿ ಗಾಯಕ ಗಣಪತಿ ಭಟ್ಟರು ಹಾಸಣಗಿಯಲ್ಲೇ ಇದ್ದು ದೇಶವೆಲ್ಲ ಹಾಡಿದ್ದು, ಎಲ್ಲ ಆಯಿತು. ಇಂಥವರ ಸಾಲಿಗೆ ನನ್ನ ಹೆಸರು ಬಂತು ನೋಡಿ, ತಲೆ ತಿರುಗಿತು.

ಹಾರ ಬಿತ್ತು. ನಾನು ಅದನ್ನು ತೆಗೆದು, ಪಕ್ಕದಲ್ಲಿದ್ದ ತಬಲದ ಮೇಲಿಟ್ಟು, "ಈ ಸನ್ಮಾನ ನನಗಲ್ಲ, ಇದಕ್ಕೆ" ಅಂದೆ. ಚಪ್ಪಾಳೆಯೋ ಚಪ್ಪಾಳೆ!

ಅದು ಸೇವಂತಿಗೆ ಹಾರ. ಬಾಡಬಾರದು ಅಂತ ನೀರು ಚಿಮುಕಿಸಿ ಬಾಳೆಎಲೆಯಲ್ಲಿ ಸುತ್ತಿಟ್ಟಿದ್ದರು. ಗವಸು ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ ಗವಸು ತೆಗೆದವನೂ ನಾನೇ. ಈ ಮಾತನ್ನು ಹಿಂದಿನ ರಾತ್ರಿಯೇ ಕನ್ನಡಿ ಮುಂದೆ ಹೇಳಿ ನೋಡಿದ್ದೆ, ಸುಳ್ಳು ಯಾಕೆ? ಅಲ್ಲಿಂದ ಮುಖ್ಯ ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ. ಮುಕ್ಕಾಲು ಗಂಟೆ ಹಾರ ಅಲ್ಲೇ ಇತ್ತು. ತಬಲದ ನಡುವಿನ ಕಪ್ಪು ಶಾಯಿ ಅಂದರೆ ಕಬ್ಬಿಣದ ಪುಡಿಗೆ ಹಿಟ್ಟಿನ ಅಂಟು ಸೇರಿಸಿ ಪದರ ಪದರವಾಗಿ ಉಜ್ಜಿದ್ದು. ನೀರು ಕುಡಿದರೆ ಮುಗಿಯಿತು. ಹಾರ ಎತ್ತಿದಾಗ ಬೆರಳಿಗೆ ಕಪ್ಪು ಹತ್ತಿತು. ಗಣಗಣ ಅನ್ನಬೇಕಾದ 'ನಾ' ಬೋಲ್ ಹೊಡೆದರೆ ಹಲಗೆ ತಟ್ಟಿದ ಹಾಗೆ 'ದಬ್'. ಗಾಯಕರು ಒಮ್ಮೆ ನನ್ನ ಕಡೆ ನೋಡಿದರು, ಆಮೇಲೆ ನೋಡಲೇ ಇಲ್ಲ.

ಲಕೋಟೆಯಲ್ಲಿ 1,001 ರೂಪಾಯಿ ಇತ್ತು. ಹುಬ್ಬಳ್ಳಿಗೆ ಕಳಿಸಿ ತಬಲಕ್ಕೆ ಹೊಸ ಮುಚ್ಚಿಗೆ (ಮೇಲಿನ ಚರ್ಮ) ಕೂರಿಸಲು ಅದಕ್ಕಿಂತ ಜಾಸ್ತಿ ಆಯಿತು. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ಹಾಗಾಗಿ ಮಾತು ಹುಡುಕುವುದು ಬಿಟ್ಟು ಸಂಘಟಕರಿಗೆ ಇವತ್ತೇ ಫೋನ್ ಮಾಡಿ, ಸನ್ಮಾನಕ್ಕಿಂತ ಮೊದಲೇ ನುಡಿಸುತ್ತೇನೆ ಅನ್ನಿ. ಒಪ್ಪದಿದ್ದರೆ ತಬಲವನ್ನು ವೇದಿಕೆಗೆ ತರಲೇಬೇಡಿ, ಒಳಗೆ ಯಾರಾದರೂ ಕಾಯಲಿ. ಮೈಕ್ ಕೊಟ್ಟರೆ ಗುರುಗಳ ಹೆಸರು ಹೇಳಿ ಕೂತುಬಿಡಿ. ಹಾರ ಮಾತ್ರ ತೆಗೆಯಬೇಡಿ, ಕುತ್ತಿಗೆ ಎಷ್ಟೇ ತುರಿಸಲಿ.