ಬೆಳೆಯುವ ಮಕ್ಕಳ ಚಪ್ಪಟೆ ಪಾದ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮಕ್ಕಳ ಪಾದಗಳನ್ನು ಕುರಿತವೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ನಾಲ್ಕನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮಗನಿಗೆ ಈಗ 4 ವರ್ಷ. ಸ್ನಾನ ಮುಗಿಸಿ ಬಚ್ಚಲಿನಿಂದ ಹೊರಗೆ ಬಂದಾಗ ನೆಲದ ಮೇಲೆ ಅವನ ಇಡೀ ಅಂಗಾಲಿನ ಗುರುತು ಮೂಡುತ್ತದೆ. ಅವನ ಅಕ್ಕನ ಹೆಜ್ಜೆಯಲ್ಲಿ ಕಾಣುವ ಒಳಬದಿಯ ಬಾಗು ಅವನಿಗಿಲ್ಲ. ಹಿಂದಿನಿಂದ ನೋಡಿದರೆ ಹಿಮ್ಮಡಿಗಳು ಹೊರಕ್ಕೆ ತಿರುಗಿದಂತಿವೆ, ನಿಂತಾಗ ಮೊಣಕಾಲುಗಳು ಒಂದಕ್ಕೊಂದು ತಾಗುತ್ತವೆ. ಓಡುತ್ತಾನೆ, ಕುಣಿಯುತ್ತಾನೆ, ನೋವೆಂದು ಒಮ್ಮೆಯೂ ಹೇಳಿದ್ದಿಲ್ಲ. ಆದರೆ ಶೂ ಕೊಳ್ಳಲು ಹೋದಾಗ ಮಾರುವವರು, ಈಗಲೇ ಕಮಾನಿಗೆ ಆಧಾರ ಕೊಡುವ ವಿಶೇಷ ಶೂ ಹಾಕಿಸದಿದ್ದರೆ ಮುಂದೆ ಬೆನ್ನು ಮತ್ತು ಮೊಣಕಾಲು ಕೆಡುತ್ತವೆ ಎಂದು ಹೆದರಿಸಿದರು. ಅತ್ತೆಯವರು ‘ಸಣ್ಣ ಮಕ್ಕಳ ಕಾಲು ಹೀಗೇ ಇರುತ್ತದೆ, ಸುಮ್ಮನಿರು’ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನನ್ನ ಮತ ನಿಮ್ಮ ಅತ್ತೆಯವರ ಕಡೆಗೆ. ಹುಟ್ಟುವಾಗ ಮಕ್ಕಳ ಅಂಗಾಲು ಚಪ್ಪಟೆಯಾಗಿಯೇ ಕಾಣುತ್ತದೆ. ಕಮಾನು ಮೂಡಬೇಕಾದ ಜಾಗದಲ್ಲಿ ಕೊಬ್ಬಿನ ಮೆತ್ತೆಯೊಂದು ತುಂಬಿಕೊಂಡಿರುತ್ತದೆ. ಮೂಳೆಗಳನ್ನು ಬಿಗಿಹಿಡಿಯುವ ಅಸ್ಥಿರಜ್ಜುಗಳು ಇನ್ನೂ ಸಡಿಲವಾಗಿರುತ್ತವೆ. ಕಮಾನಿನ ನೆತ್ತಿಯಲ್ಲಿ ಕೂರುವ ದೋಣಿಯಾಕಾರದ ಪುಟ್ಟ ಮೂಳೆಯಂತೂ ಮೊದಲ ಕೆಲವು ವರ್ಷ ಬರಿಯ ಮೃದ್ವಸ್ಥಿಯಾಗಿದ್ದು, ಸಾಮಾನ್ಯವಾಗಿ 2ರಿಂದ 4 ವರ್ಷದೊಳಗೆ ಗಟ್ಟಿಯಾಗತೊಡಗುತ್ತದೆ. ಇಂಥ ಪಾದದ ಮೇಲೆ ಮೈಭಾರ ಬಿದ್ದಾಗ ಅದು ಕುಸಿದು ನೆಲಕ್ಕೆ ಒತ್ತಿಕೊಳ್ಳುವುದು ಸಹಜ. ಕಮಾನು ಒಂದೇ ವರ್ಷದಲ್ಲಿ ಎದ್ದು ನಿಲ್ಲುವಂಥದ್ದಲ್ಲ, ಸುಮಾರು 10 ವರ್ಷದವರೆಗೂ ನಿಧಾನವಾಗಿ ಮೂಡುತ್ತ ಹೋಗುತ್ತದೆ. ಆಸ್ಟ್ರಿಯಾದಲ್ಲಿ 3ರಿಂದ 6 ವರ್ಷದ 835 ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 3 ವರ್ಷದವರಲ್ಲಿ ಶೇ 54 ಮಂದಿಗೆ ಚಪ್ಪಟೆ ಪಾದವಿದ್ದರೆ 6 ವರ್ಷದವರಲ್ಲಿ ಆ ಪ್ರಮಾಣ ಶೇ 24ಕ್ಕೆ ಇಳಿದಿತ್ತು. ನಿಜವಾಗಿ ಕಾಯಿಲೆಯೆನ್ನಬಹುದಾದ ಪಾದಗಳು ಶೇ 1ಕ್ಕೂ ಕಡಿಮೆಯಿದ್ದವು. ಅದೇ ಮಕ್ಕಳಲ್ಲಿ ಸುಮಾರು ಶೇ 10 ಮಂದಿ ಆಗಲೇ ಕಮಾನಿನ ಆಧಾರಗಳನ್ನು ತೊಟ್ಟಿದ್ದರು ಎಂಬುದನ್ನೂ ಇದರ ಜೊತೆಗಿಟ್ಟು ನೋಡಿ. ಅಗತ್ಯವಿದ್ದವರಿಗಿಂತ ತೊಟ್ಟವರೇ ಎಷ್ಟು ಪಟ್ಟು ಹೆಚ್ಚು!

ಹಾಗೆಂದು ನೋಡದೆಯೇ ಸುಮ್ಮನಿರಬೇಕೆಂದು ನಾನು ಹೇಳುವುದಿಲ್ಲ. ನೀವು ಹೆಜ್ಜೆಗುರುತನ್ನು ನೋಡಿದ್ದೀರಿ; ನಾನು ನೋಡುವುದು ಪಾದ ಹೇಗೆ ಆಡುತ್ತದೆ ಎಂಬುದನ್ನು. ಮಗುವನ್ನು ಬರಿಗಾಲಿನಲ್ಲಿ ಗೋಡೆಗೆ ಎದುರಾಗಿ ನಿಲ್ಲಿಸಿ, ಅವನಿಗೆ ಸ್ವಲ್ಪವೇ ಎಟುಕದಷ್ಟು ಎತ್ತರದಲ್ಲಿ ಇಷ್ಟದ ಆಟಿಕೆಯೊಂದನ್ನು ಹಿಡಿಯಿರಿ. ಅವನು ತುದಿಗಾಲಿನಲ್ಲಿ ನಿಂತು ಕೈಚಾಚುವಾಗ ನೀವು ಹಿಂದೆ ಕುಳಿತು ಹಿಮ್ಮಡಿಗಳನ್ನೇ ಗಮನಿಸಿ. ಹೊರಕ್ಕೆ ತಿರುಗಿದ್ದ ಹಿಮ್ಮಡಿ ಮೇಲೇಳುತ್ತಲೇ ಒಳಕ್ಕೆ ತಿರುಗಿ, ಅಲ್ಲಿಯವರೆಗೆ ಇಲ್ಲವೇ ಇಲ್ಲವೆನಿಸಿದ್ದ ಕಮಾನು ತಟ್ಟನೆ ಮೂಡಿದರೆ ಅದು ಬಳುಕುವ ಚಪ್ಪಟೆ ಪಾದ, ಅಂದರೆ ಮೂಳೆ ಮತ್ತು ಸಂದುಗಳು ಸರಿಯಾಗಿವೆಯೆಂದು ಅರ್ಥ. ತುದಿಗಾಲಿನಲ್ಲಿ ನಿಲ್ಲಲು ಹಟ ಮಾಡುವ ಮಗುವಾದರೆ ನಿಂತಿರುವಾಗಲೇ ಅದರ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಿ ನೋಡಬಹುದು. ಅಂಗಾಲಿನ ಉದ್ದಕ್ಕೂ ಹಾದು ಬರುವ ಬಿಗಿಯಾದ ಪಟ್ಟಿಯೊಂದು ಹೆಬ್ಬೆರಳಿನ ಬುಡಕ್ಕೆ ಕಟ್ಟಿಕೊಂಡಿರುವುದರಿಂದ, ಬೆರಳು ಎದ್ದಾಗ ಆ ಪಟ್ಟಿ ರಾಟೆಗೆ ಸುತ್ತಿದ ಹಗ್ಗದಂತೆ ಎಳೆದುಕೊಂಡು ಕಮಾನನ್ನು ಎಬ್ಬಿಸುತ್ತದೆ.

ಇನ್ನು ವಿಶೇಷ ಶೂಗಳ ಮಾತು. ಅಮೆರಿಕದಲ್ಲಿ ವೆಂಗರ್ ಮತ್ತು ಸಂಗಡಿಗರು 1ರಿಂದ 6 ವರ್ಷದ 129 ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ಯಾವ ಚಿಕಿತ್ಸೆಯನ್ನೂ ಕೊಡದೆ, ಉಳಿದವರಿಗೆ ತಿದ್ದುವ ಶೂ, ಹಿಮ್ಮಡಿಯ ಬಟ್ಟಲು ಅಥವಾ ಅಚ್ಚು ತೆಗೆದು ಮಾಡಿಸಿದ ಇನ್‌ಸೋಲ್ ಕೊಟ್ಟು 3 ವರ್ಷ ಗಮನಿಸಿದರು. 1989ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ನಾಲ್ಕೂ ಗುಂಪಿನ ಮಕ್ಕಳ ಪಾದಗಳು ಸುಧಾರಿಸಿದ್ದವು, ಏನನ್ನೂ ಪಡೆಯದವರದೂ ಸೇರಿದಂತೆ. ಗುಂಪು ಗುಂಪಿನ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಈ ಶೂಗಳ ಮೇಲಿನ ನಂಬಿಕೆ ಇಂದಿಗೂ ಉಳಿದಿರುವುದೇಕೆಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಮೂರನೆಯ ವರ್ಷದಲ್ಲಿ ಶೂ ಹಾಕಿಸುತ್ತಾರೆ, ಆರನೆಯ ವರ್ಷಕ್ಕೆ ಕಮಾನು ತಾನಾಗಿಯೇ ಮೂಡಿರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿ, ಕೀರ್ತಿಯೆಲ್ಲ ಶೂವಿಗೆ ಸಲ್ಲುತ್ತದೆ.

ತಾಗುವ ಮೊಣಕಾಲುಗಳ ಬಗ್ಗೆಯೂ ಚಿಂತೆ ಬೇಡ. ಆ ಬಾಗು 3-4 ವರ್ಷದಲ್ಲಿ ಅತಿ ಹೆಚ್ಚಾಗಿದ್ದು 7 ವರ್ಷದ ಹೊತ್ತಿಗೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಸಾಧಾರಣ ಶೂ ಸಾಕು. ಮಗುವನ್ನು ನಿಲ್ಲಿಸಿಯೇ ಅಳತೆ ನೋಡಿ. ಅತಿ ಉದ್ದದ ಬೆರಳಿನ ಮುಂದೆ ನಿಮ್ಮ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಶೂವನ್ನು ಕೈಯಲ್ಲಿ ಹಿಡಿದು ಮಡಿಸಿದಾಗ ಅದು ಬೆರಳುಗಳ ಬುಡ ಬರುವ ಕಡೆ ಬಾಗಬೇಕೇ ಹೊರತು ನಡುವಿನಲ್ಲಿ ಅಲ್ಲ.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಕಳೆದ ಒಂದು ವರ್ಷದಿಂದ ಬಲಗಾಲು ಮಾತ್ರ ಚಪ್ಪಟೆಯಾಗುತ್ತಿದೆ ಎನಿಸುತ್ತದೆ. ಆಟವಾಡಿ ಬಂದ ಮೇಲೆ ಗಿಣ್ಣಿನ ಕೆಳಗೆ, ಹೊರಬದಿಯಲ್ಲಿ ನೋವೆನ್ನುತ್ತಾಳೆ. ಅದೇ ಕಾಲು ನಾಲ್ಕೈದು ಸಲ ಉಳುಕಿದೆ. ತುದಿಗಾಲಿನಲ್ಲಿ ನಿಂತರೂ ಆ ಪಾದದ ಆಕಾರ ಬದಲಾಗುವುದಿಲ್ಲ. ಇದೂ ಬೆಳೆಯುತ್ತ ಸರಿಹೋಗುತ್ತದೆಯೇ?

ಉತ್ತರ: ಇಲ್ಲ, ಇದನ್ನು ಕಾದು ನೋಡುವುದು ಬೇಡ. ಮಕ್ಕಳ ಮೂಳೆ ತಜ್ಞರಲ್ಲಿ ಬೇಗನೆ ತೋರಿಸಿ. ಒಂದೇ ಕಾಲು, ನೋವು, ತಡವಾಗಿ ಕಾಣಿಸಿಕೊಂಡದ್ದು, ಬಿಗಿತ: ಇವುಗಳಲ್ಲಿ ಯಾವುದೊಂದಿದ್ದರೂ ನಾನು ಎಚ್ಚರಗೊಳ್ಳುತ್ತೇನೆ, ನಿಮ್ಮ ಪತ್ರದಲ್ಲಿ ನಾಲ್ಕೂ ಇವೆ.

ಈ ವಯಸ್ಸಿನಲ್ಲಿ ಮೊದಲು ನೆನಪಿಗೆ ಬರುವುದು ಪಾದದ ಹಿಂಭಾಗದ ಎರಡು ಮೂಳೆಗಳ ನಡುವೆ ಹುಟ್ಟಿನಿಂದಲೇ ಇರುವ ಬೆಸುಗೆ. ಗರ್ಭದಲ್ಲಿ ಬೇರೆಬೇರೆಯಾಗಬೇಕಾದ ಮೂಳೆಗಳು ಪೂರ್ತಿ ಬೇರ್ಪಡದೆ ಅವುಗಳ ನಡುವೆ ಸೇತುವೆಯೊಂದು ಉಳಿದುಬಿಟ್ಟಿರುತ್ತದೆ. ಎಳೆಯ ವಯಸ್ಸಿನಲ್ಲಿ ಆ ಸೇತುವೆ ಮೃದ್ವಸ್ಥಿಯದಾಗಿದ್ದು ಒಂದಿಷ್ಟು ಬಾಗುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಹಿಮ್ಮಡಿಯ ಮೂಳೆಗೂ ಮೇಲೆ ಹೇಳಿದ ದೋಣಿಯಾಕಾರದ ಮೂಳೆಗೂ ನಡುವಿನದಾದರೆ ಸುಮಾರು 8ರಿಂದ 12 ವರ್ಷದೊಳಗೆ, ಹಿಮ್ಮಡಿಯ ಮೂಳೆಗೂ ಅದರ ಮೇಲಿನ ಗಿಣ್ಣಿನ ಮೂಳೆಗೂ ನಡುವಿನದಾದರೆ ಸುಮಾರು 12ರಿಂದ 16 ವರ್ಷದೊಳಗೆ ಅದು ಗಟ್ಟಿ ಮೂಳೆಯಾಗತೊಡಗಿದಾಗ ಪಾದ ಬಿಗಿದುಕೊಳ್ಳುತ್ತದೆ. ಮೇಲೆ ಕೆಳಗೆ ಆಡುವ ಗಿಣ್ಣು ಚೆನ್ನಾಗಿಯೇ ಇರುತ್ತದೆ, ಆದರೆ ಹಿಮ್ಮಡಿ ಅಕ್ಕಪಕ್ಕಕ್ಕೆ ವಾಲುವ ಚಲನೆ ಇಲ್ಲವಾಗುತ್ತದೆ. ಏರುತಗ್ಗಿನ ನೆಲದಲ್ಲಿ ಹೆಜ್ಜೆಯಿಡುವಾಗ ಪಾದವನ್ನು ನೆಲಕ್ಕೆ ಹೊಂದಿಸುವುದು ಆ ಚಲನೆಯೇ. ಅದು ಸಿಗದಿದ್ದಾಗ ತಿರುಚಿನ ಹೊರೆಯೆಲ್ಲ ಗಿಣ್ಣಿನ ಮೇಲೆ ಬಿದ್ದು ಕಾಲು ಉಳುಕುತ್ತದೆ. ‘ಇವಳ ಕಾಲು ಪದೇ ಪದೇ ಉಳುಕುತ್ತದೆ’ ಎಂದು ಕರೆತಂದ ಮಕ್ಕಳಲ್ಲಿ ಈ ಬೆಸುಗೆ ಹೊರಬಿದ್ದದ್ದನ್ನು ನಾನು ಹಲವು ಸಲ ಕಂಡಿದ್ದೇನೆ.

ವೈದ್ಯರು ನಿಂತ ಭಂಗಿಯಲ್ಲಿ ಎಕ್ಸ್-ರೇ ತೆಗೆಸುತ್ತಾರೆ. ಓರೆಯಾಗಿ ತೆಗೆದ ಚಿತ್ರವೂ ಬೇಕಾಗುತ್ತದೆ, ಕೆಲವೊಮ್ಮೆ ಸಿ.ಟಿ. ಸ್ಕ್ಯಾನ್ ಕೂಡ. ಸಂಧಿವಾತ, ಸೋಂಕು, ನರಸ್ನಾಯುಗಳ ಕಾಯಿಲೆ ಇವೆಯೇ ಎಂಬುದನ್ನೂ ಅವರು ಪರಿಶೀಲಿಸುತ್ತಾರೆ. ಬೆಸುಗೆಯೆಂದು ಖಚಿತವಾದರೂ ನೇರ ಶಸ್ತ್ರಚಿಕಿತ್ಸೆಗೆ ಹೋಗುವುದಿಲ್ಲ. ಕೆಲವು ವಾರ ಆಟಕ್ಕೆ ವಿರಾಮ, ಇನ್‌ಸೋಲ್, ಅಗತ್ಯ ಬಿದ್ದರೆ ಪಟ್ಟಿ ಹಾಕಿ ಪಾದವನ್ನು ಅಲುಗಿಸದೆ ಇಡುವುದು ಇವುಗಳಿಂದಲೇ ಹಲವರ ನೋವು ಶಮನವಾಗುತ್ತದೆ. ಹಾಗಾಗದಿದ್ದಾಗ ಸೇತುವೆಯನ್ನು ಕತ್ತರಿಸಿ ತೆಗೆದು, ಮತ್ತೆ ಕೂಡಿಕೊಳ್ಳದಂತೆ ಆ ಜಾಗದಲ್ಲಿ ಕೊಬ್ಬನ್ನೋ ಸ್ನಾಯುವನ್ನೋ ಇಡುವ ಶಸ್ತ್ರಚಿಕಿತ್ಸೆ ಇದೆ.

ಪ್ರಶ್ನೆ: 8 ವರ್ಷದ ನನ್ನ ಮೊಮ್ಮಗನಿಗೆ ಎರಡೂ ಪಾದ ಚಪ್ಪಟೆ. ತುದಿಗಾಲಿನಲ್ಲಿ ನಿಂತರೆ ಕಮಾನು ಕಾಣುತ್ತದೆ. ಆದರೆ ಸ್ವಲ್ಪ ದೂರ ನಡೆದರೂ ಅಂಗಾಲಿನ ಒಳಬದಿ ಮತ್ತು ಮೀನಖಂಡ ನೋಯುತ್ತದೆಂದು ಕುಳಿತುಬಿಡುತ್ತಾನೆ. ಬರಿಗಾಲಿನಲ್ಲಿ ನಡೆಸಿದರೆ ಕಮಾನು ಬರುತ್ತದೆಯೆಂದು ಒಬ್ಬರು, ಬರಿಗಾಲು ಬೇಡವೇ ಬೇಡವೆಂದು ಇನ್ನೊಬ್ಬರು ಹೇಳುತ್ತಾರೆ. ವ್ಯಾಯಾಮವೇನಾದರೂ ಉಂಟೆ?

ಉತ್ತರ: ಮೊದಲು ಹಿಮ್ಮಡಿಯ ಹಿಂದಿನ ದಪ್ಪ ನರವನ್ನು ಪರೀಕ್ಷಿಸಬೇಕು. ನರವೆಂದು ವಾಡಿಕೆಯಲ್ಲಿ ಕರೆದರೂ ಅದು ಮೀನಖಂಡದ ಸ್ನಾಯುವನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾ ಸೈನ್ಯದ ಸುಮಾರು 3600 ಸೈನಿಕರ ಪಾದಗಳನ್ನು ಪರೀಕ್ಷಿಸಿದ ಹ್ಯಾರಿಸ್ ಮತ್ತು ಬೀತ್ ಎಂಬ ವೈದ್ಯರು, ಬಳುಕುವ ಚಪ್ಪಟೆ ಪಾದ ತಾನಾಗಿ ತೊಂದರೆ ಕೊಡುವುದು ಅಪರೂಪವೆಂದೂ, ಅದರ ಜೊತೆಗೆ ಈ ರಜ್ಜು ಗಿಡ್ಡವಾಗಿ ಬಿಗಿದಿದ್ದರೆ ನೋವು ಹುಟ್ಟುತ್ತದೆಂದೂ ಕಂಡುಕೊಂಡರು. ಮಗುವಿನ ಮೊಣಕಾಲನ್ನು ನೆಟ್ಟಗಿಟ್ಟು, ಹಿಮ್ಮಡಿಯನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಹಿಡಿದು, ಪಾದವನ್ನು ಮೇಲಕ್ಕೆ ಒತ್ತಿದಾಗ ಅದು ಲಂಬಕೋನವನ್ನು ದಾಟಿ ಇನ್ನೂ 10 ಡಿಗ್ರಿಯಾದರೂ ಬಾಗಬೇಕು. ಬಾಗದಿದ್ದರೆ, ನಡೆಯುವಾಗ ಗಿಣ್ಣು ಮಾಡಬೇಕಾದ ಕೆಲಸವನ್ನು ಪಾದದ ನಡುಭಾಗ ಕುಸಿದು ಮಾಡುತ್ತಿದೆಯೆಂದು ತಿಳಿಯಬೇಕು. ನಿಮ್ಮ ಮೊಮ್ಮಗನ ನೋವಿಗೂ ಬಹುಶಃ ಇದೇ ಕಾರಣ. ವೈದ್ಯರು ಒಮ್ಮೆ ಇದನ್ನು ಖಚಿತಪಡಿಸಲಿ.

ವ್ಯಾಯಾಮ ಸರಳ. ಗೋಡೆಗೆ ಕೈಯೂರಿ ಒಂದು ಕಾಲನ್ನು ಮುಂದಿಟ್ಟು ಇನ್ನೊಂದನ್ನು ಹಿಂದಕ್ಕೆ ಚಾಚಲಿ; ಹಿಂದಿನ ಮೊಣಕಾಲು ನೆಟ್ಟಗಿರಲಿ, ಹಿಮ್ಮಡಿ ನೆಲ ಬಿಡದಿರಲಿ. ಹಾಗೆಯೇ 30 ಸೆಕೆಂಡು ನಿಲ್ಲಬೇಕು, ಪ್ರತಿ ಕಾಲಿಗೆ ಮೂರು ಸಲ, ದಿನಕ್ಕೆರಡು ಹೊತ್ತು. ಎಲ್ಲರೂ ತಪ್ಪುವುದು ಒಂದೇ ಕಡೆ: ಹಿಂದಿನ ಪಾದ ಹೊರಕ್ಕೆ ತಿರುಗಿಬಿಡುತ್ತದೆ. ಆಗ ಕಮಾನು ಕುಸಿದು, ಹಿಗ್ಗಬೇಕಾದ ರಜ್ಜು ಹಿಗ್ಗದೆ ಉಳಿಯುತ್ತದೆ. ಬೆರಳುಗಳು ತುಸು ಒಳಮುಖವಾಗಿರುವಂತೆ ನೀವು ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಕೆಲವು ತಿಂಗಳು ಬಿಡದೆ ಮಾಡಿಸಿದರೆ ಮಾತ್ರ ಫಲ.

ನೋವಿರುವ ಮಗುವಿಗೆ ಇನ್‌ಸೋಲ್ ಕೊಡುವುದು ತಪ್ಪಲ್ಲ. ಅದು ನೋವನ್ನು ಕಡಿಮೆ ಮಾಡುವ ಸಾಧನವೇ ಹೊರತು ಕಮಾನನ್ನು ಹುಟ್ಟಿಸುವುದಿಲ್ಲ ಎಂಬುದು ತಿಳಿದಿರಲಿ. ಮೆತ್ತನೆಯ ಸಿದ್ಧ ಇನ್‌ಸೋಲಿನಿಂದ ಆರಂಭಿಸಿ. ರಜ್ಜು ಬಿಗಿಯಿರುವಾಗ ಗಟ್ಟಿ ಇನ್‌ಸೋಲ್ ಹಾಕಿದರೆ ಕೆಳಕ್ಕೆ ಕುಸಿಯಲಾಗದ ಪಾದ ಅದಕ್ಕೇ ಒತ್ತಿಕೊಂಡು ನೋವು ಹೆಚ್ಚುವುದುಂಟು. ಮಗುವಿನ ತೂಕ ವಯಸ್ಸಿಗೆ ಮೀರಿದ್ದರೆ ಅದರ ಕಡೆಗೂ ಗಮನ ಕೊಡಿ. ಇಷ್ಟೆಲ್ಲ ಮಾಡಿಯೂ ವರ್ಷಗಟ್ಟಲೆ ನೋವು ಉಳಿಯುವ ಕೆಲವೇ ಮಕ್ಕಳಿಗೆ ಹಿಮ್ಮಡಿಯ ಮೂಳೆಯನ್ನು ಉದ್ದಗೊಳಿಸುವಂಥ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಈಗ ಅದರ ಯೋಚನೆ ಬೇಡ.

ಬರಿಗಾಲಿನ ವಿಷಯದಲ್ಲಿ ಇಬ್ಬರ ಮಾತೂ ಅತಿಯಾಯಿತು. ರಾವ್ ಮತ್ತು ಜೋಸೆಫ್ ಅವರು 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದರಕ್ಷೆ ತೊಡುವವರಲ್ಲಿ ಶೇ 8.6 ಮಂದಿಗೆ, ಬರಿಗಾಲಿನವರಲ್ಲಿ ಶೇ 2.8 ಮಂದಿಗೆ ಚಪ್ಪಟೆ ಪಾದವಿತ್ತು. ತೊಡುವವರಲ್ಲಿಯೂ ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಅದು ಹೆಚ್ಚು. ಎಳವೆಯಲ್ಲಿ ಪಾದವನ್ನು ಬಿಗಿಯಾದ ಶೂವಿನೊಳಗೆ ಕಟ್ಟಿಹಾಕಬಾರದೆಂದು ಇದರಿಂದ ಹೇಳಬಹುದು. ಆದರೆ ಆಗಲೇ ನೋಯುತ್ತಿರುವ ಎಂಟು ವರ್ಷದ ಪಾದವನ್ನು ಬರಿಗಾಲಿನಲ್ಲಿ ಮೈಲಿಗಟ್ಟಲೆ ನಡೆಸಿದರೆ ಕಮಾನು ಎದ್ದೀತೆಂದು ಇದರಿಂದ ಸಿದ್ಧವಾಗುವುದಿಲ್ಲ. ಮನೆಯೊಳಗೆ, ಮರಳಿನ ಮೇಲೆ, ಹುಲ್ಲಿನ ಮೇಲೆ ಅವನು ಬರಿಗಾಲಿನಲ್ಲಿ ಆಡಲಿ. ದೂರ ನಡೆಯುವಾಗ ಶೂ ಹಾಕಲಿ.

ಪ್ರಶ್ನೆ: ನನಗೆ 15 ವರ್ಷ. ಎರಡೂ ಪಾದ ಚಪ್ಪಟೆ, ನೋವೇನೂ ಇಲ್ಲ. ಓಟದ ಅಭ್ಯಾಸಕ್ಕೆ ಸೇರಬೇಕೆಂದಿದ್ದೇನೆ. ಚಪ್ಪಟೆ ಪಾದದವರು ಓಡಬಾರದು ಎಂದು ಅಪ್ಪ ತಡೆಯುತ್ತಿದ್ದಾರೆ.

ಉತ್ತರ: ಈ ಉತ್ತರವನ್ನು ಅಪ್ಪನಿಗೇ ಓದಿ ಹೇಳು. ಅಮೆರಿಕದ ಸೈನ್ಯದಲ್ಲಿ ತರಬೇತಿ ಪಡೆಯುತ್ತಿದ್ದ 246 ಯುವಕರನ್ನು ಗಮನಿಸಿ 1993ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಗಾಯಗೊಳ್ಳುವ ಸಂಭವ ಅತಿ ಕಡಿಮೆಯಿದ್ದದ್ದು ಅತಿ ಚಪ್ಪಟೆ ಪಾದದವರ ಗುಂಪಿನಲ್ಲಿ. ಎತ್ತರದ ಕಮಾನಿನವರೇ ಹೆಚ್ಚು ಗಾಯಗೊಂಡಿದ್ದರು. ತುದಿಗಾಲಿನಲ್ಲಿ ನಿಂತಾಗ ನಿನಗೆ ಕಮಾನು ಮೂಡುತ್ತದೆಯೇ ಎಂದು ನೋಡಿಕೊ. ಮೂಡಿದರೆ ಓಟಕ್ಕೆ ಸೇರು, ದೂರವನ್ನು ಮಾತ್ರ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸು. ಮೂಡದಿದ್ದರೆ, ಅಥವಾ ಒಂದೇ ಕಡೆ ನೋವು ಎರಡು ವಾರಕ್ಕಿಂತ ಹೆಚ್ಚು ಉಳಿದರೆ, ವೈದ್ಯರಿಗೆ ತೋರಿಸಿದ ಮೇಲೆಯೇ ಮುಂದುವರಿಸು.